ಒಂದೇ ಚಾನೆಲ್, ಹತ್ತಾರು ನೋಡ್: ಮಲ್ಟಿಹಾಪ್ ವೈರ್‌ಲೆಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೆಶ್ (ಹಲವು ವೈಫೈ ಡಬ್ಬಗಳು, ಅಂದರೆ ನೋಡ್‌ಗಳು, ಒಂದಕ್ಕೊಂದು ಪ್ಯಾಕೆಟ್ ದಾಟಿಸುವ ಜಾಲ) ಕಟ್ಟಿದವರು ಮೊದಲ ವಾರ ಖುಷಿಯಾಗಿರುತ್ತಾರೆ. ಎರಡನೇ ವಾರ ಸ್ಪೀಡ್ ಟೆಸ್ಟ್ ಓಡಿಸುತ್ತಾರೆ. ಅಲ್ಲಿಂದ ಪ್ರಶ್ನೆಗಳು ಶುರು. ವರ್ಷಗಟ್ಟಲೆ ಇವುಗಳಿಗೆ ಒಬ್ಬೊಬ್ಬರಿಗೇ ಉತ್ತರ ಬರೆದು ಬೆರಳು ಸವೆದಿದೆ, ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಮೆಗಾಬಿಟ್ ಲೆಕ್ಕ ಸ್ವಲ್ಪ ಹೊತ್ತು ಮರೆತುಬಿಡಿ, ಮೈಕ್ರೋಸೆಕೆಂಡ್ ಲೆಕ್ಕ ಹಾಕಿ. ಚಾನೆಲ್‌ನಲ್ಲಿ ನಿಜವಾಗಿ ಖರ್ಚಾಗುವುದು ಸಮಯ.

ಮಲ್ಟಿಹಾಪ್ ಅಂದ್ರೆ ಏನು? ಚಾನೆಲ್ ಹಂಚಿಕೊಳ್ಳುವುದು ಅಂದ್ರೆ?

ನಿಮ್ಮ ಪ್ಯಾಕೆಟ್ ನೇರವಾಗಿ ಗೇಟ್‌ವೇ (ಇಂಟರ್ನೆಟ್‌ಗೆ ತಾಗಿದ ನೋಡ್) ಮುಟ್ಟದೆ, ನಡುವೆ ಇರುವ ನೋಡ್‌ಗಳ ಕೈಯಿಂದ ಕೈಗೆ ದಾಟಿ ಹೋದರೆ ಅದು ಮಲ್ಟಿಹಾಪ್. ಎಲ್ಲ ನೋಡ್‌ಗಳೂ ಒಂದೇ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತಿದ್ದರೆ ಚಾನೆಲ್ ಹಂಚಿಕೆ. ಒಬ್ಬ ಮಾತಾಡುವಾಗ ಅವನ ದನಿ ಕೇಳುವಷ್ಟು ದೂರದಲ್ಲಿರುವವರು ಬಾಯಿ ಮುಚ್ಚಿಕೊಂಡಿರಬೇಕು. ಅಷ್ಟೇ. ಮುಂದಿನ ತಲೆನೋವೆಲ್ಲ ಈ ಒಂದು ಮಾತಿನಿಂದ ಹುಟ್ಟಿದ್ದು.

ಪ್ರತಿ ಹಾಪ್‌ಗೂ ವೇಗ ಅರ್ಧ ಆಗುತ್ತದೆ ಅಂತಾರೆ, ನಿಜಾನಾ?

ಅರ್ಧ ನಿಜ. ಒಂದೇ ರೇಡಿಯೋ ಇರುವ ನೋಡ್ ಒಂದೇ ಚಾನೆಲ್‌ನಲ್ಲಿ ಏಕಕಾಲಕ್ಕೆ ಕೇಳುವುದೂ ಮಾತಾಡುವುದೂ ಆಗದು. ಆದ್ದರಿಂದ ಎರಡು ಹಾಪ್ ಆದಾಗ ಅರ್ಧ. ಮೂರನೆಯದು ಸೇರಿದಾಗ ಮೂರನೇ ಒಂದು ಭಾಗ, ಏಕೆಂದರೆ ಮೂರೂ ಹಾಪ್‌ಗಳು ಒಂದರ ಕಿವಿಗೆ ಒಂದು ಬೀಳುತ್ತವೆ, ಸರದಿಯಲ್ಲೇ ಹೋಗಬೇಕು. ಆದರೆ ಇದು ಹೀಗೇ ಇಳಿಯುತ್ತಾ ಹೋಗುವುದಿಲ್ಲ. ಸರಪಳಿ ಉದ್ದವಾದಂತೆ ಈ ತುದಿಯವನಿಗೂ ಆ ತುದಿಯವನಿಗೂ ಸಂಬಂಧ ತಪ್ಪುತ್ತದೆ, ಇಬ್ಬರೂ ಒಟ್ಟಿಗೆ ಕಳಿಸಬಹುದು.

ಎಲ್ಲಿಗೆ ನಿಲ್ಲುತ್ತದೆ? ಇಲ್ಲೊಂದು ಸೂಕ್ಷ್ಮ ಇದೆ. ಸಿಗ್ನಲ್ ಅರ್ಥವಾಗುವ ದೂರ ಬೇರೆ, ಸಿಗ್ನಲ್ ತೊಂದರೆ ಕೊಡುವ ದೂರ ಬೇರೆ, ಎರಡನೆಯದು ಯಾವಾಗಲೂ ಜಾಸ್ತಿ. 2001ರಲ್ಲಿ ಎಂಐಟಿಯ ಸಂಶೋಧಕರು ಇದನ್ನು ಲೆಕ್ಕ ಹಾಕಿ ತೋರಿಸಿದರು. ನೋಡ್‌ಗಳು 200 ಮೀಟರ್ ಅಂತರದಲ್ಲಿ, ಅರ್ಥವಾಗುವ ದೂರ 250 ಮೀಟರ್, ತೊಂದರೆ ಕೊಡುವ ದೂರ 550 ಮೀಟರ್. ಒಂದನೇ ನೋಡ್ ಎರಡನೆಯದಕ್ಕೆ ಕಳಿಸುವಾಗ ನಾಲ್ಕನೆಯದೂ ಸುಮ್ಮನಿರಬೇಕು, ಐದನೆಯದು ಮಾತ್ರ ಮಾತಾಡಬಹುದು. ಹಾಗಾಗಿ ಉದ್ದ ಸರಪಳಿಯಲ್ಲಿ ಸಿಗಬಹುದಾದ ಗರಿಷ್ಠ ನಾಲ್ಕನೇ ಒಂದು ಭಾಗ. ಆದರೆ ಅವರು ವೈಫೈನ ನಿಯಮಾವಳಿಯಾದ 802.11 ಪ್ರೋಟೋಕಾಲ್ ಓಡಿಸಿ ನೋಡಿದಾಗ ಕೈಗೆ ಬಂದದ್ದು ಸುಮಾರು ಏಳನೇ ಒಂದು ಭಾಗ. ಕಾರಣ ತಮಾಷೆಯಾಗಿದೆ. ಮೊದಲ ನೋಡ್‌ಗೆ ಅಡ್ಡಿ ಮಾಡುವ ನೆರೆಯವರು ಕಡಿಮೆ, ಅದು ಜೋರಾಗಿ ತಳ್ಳುತ್ತದೆ. ನಡುವಿನ ನೋಡ್‌ಗಳಿಗೆ ಎರಡೂ ಕಡೆಯಿಂದ ಗಲಾಟೆ, ಅವು ಅಷ್ಟನ್ನು ದಾಟಿಸಲಾರವು. ಮೊದಲನೆಯದು ಬೆವರು ಸುರಿಸಿ ಕಳಿಸಿದ್ದು ಮೂರನೆಯದರ ಹತ್ತಿರ ಕಸದ ಬುಟ್ಟಿ ಸೇರುತ್ತದೆ, ಅದಕ್ಕೆ ಹಿಡಿದ ಸಮಯವೂ ಜೊತೆಗೇ ಹೋಯಿತು.

ನಾಲ್ಕನೇ ಒಂದಕ್ಕೂ ಏಳನೇ ಒಂದಕ್ಕೂ ನಡುವೆ ಇರುವ ಈ ಅಂತರವೇ ನಾವು ಗಿಟ್ಟಿಸಬಹುದಾದದ್ದು. ಅದಕ್ಕಿಂತ ಜಾಸ್ತಿ ಬೇಕಾದರೆ ಚಾನೆಲ್, ರೇಡಿಯೋ ಅಥವಾ ತಂತಿ ಸೇರಿಸಬೇಕು.

ಲಿಂಕ್ ವೇಗ 54 ಮೆಗಾಬಿಟ್ ಅಂತ ತೋರಿಸುತ್ತದೆ, ಒಂದೇ ಹಾಪ್‌ನಲ್ಲೂ 30 ದಾಟುವುದಿಲ್ಲ. ಯಾಕೆ?

ಬನ್ನಿ, ಒಂದು ಪ್ಯಾಕೆಟ್ ಹಿಡಿದು ಬಿಚ್ಚಿ ನೋಡೋಣ. 802.11ಎ, 5 ಗಿಗಾಹರ್ಟ್ಸ್, 1500 ಬೈಟ್ ಡೇಟಾ.

ಮೊದಲು ಚಾನೆಲ್ ಖಾಲಿ ಇದೆಯಾ ಅಂತ 34 ಮೈಕ್ರೋಸೆಕೆಂಡ್ ಕಾಯಬೇಕು. ಆಮೇಲೆ 0ಯಿಂದ 15ರೊಳಗೆ ಒಂದು ಸಂಖ್ಯೆ ಎತ್ತಿ, ಒಂದೊಂದಕ್ಕೂ 9 ಮೈಕ್ರೋಸೆಕೆಂಡ್‌ನಂತೆ ಎಣಿಸಬೇಕು, ಸರಾಸರಿ 67.5. ನಂತರ ಫ್ರೇಮ್ (ಗಾಳಿಯಲ್ಲಿ ಹೋಗುವ ರೂಪದಲ್ಲಿ ಪ್ಯಾಕೆಟ್): 20 ಪೀಠಿಕೆಗೆ, 228 ಡೇಟಾಗೆ. ಆಮೇಲೆ 16 ಬಿಡುವು, ಕೊನೆಗೆ ಆ ಕಡೆಯಿಂದ ‘ಸಿಕ್ಕಿತು’ ಅನ್ನುವ ಅಕ್ನಾಲೆಜ್‌ಮೆಂಟ್‌ಗೆ 28. ಕೂಡಿಸಿದರೆ ಸುಮಾರು 393 ಮೈಕ್ರೋಸೆಕೆಂಡ್. 12,000 ಬಿಟ್‌ಗೆ 393 ಮೈಕ್ರೋಸೆಕೆಂಡ್ ಅಂದ್ರೆ 30 ಮೆಗಾಬಿಟ್ ಚಿಲ್ಲರೆ. ಯಾರ ಹಸ್ತಕ್ಷೇಪವೂ ಇಲ್ಲ, ಒಂದು ಡಿಕ್ಕಿಯೂ ಇಲ್ಲ, ಆದರೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸಮಯ ಕಾಯುವುದರಲ್ಲೇ, ಮುಲಾಜಿನಲ್ಲೇ ಹೋಯಿತು. ಡಿಕ್ಕಿಯಾದರೆ ಆ 15 ಅನ್ನುವುದು 31 ಆಗುತ್ತದೆ, ಮತ್ತೆ ಆದರೆ 63, ಹೀಗೆ 1023ರ ತನಕ.

ಈ 393ನ್ನು ನೆನಪಲ್ಲಿಡಿ, ಮತ್ತೆ ಬೇಕಾಗುತ್ತದೆ.

ಹಾಗಾದರೆ ಈ ಪೋಲು ತಪ್ಪಿಸುವುದು ಹೇಗೆ?

ಒಂದು ಸಲ ಬಾಯಿ ತೆರೆದಾಗ ಜಾಸ್ತಿ ಮಾತಾಡಿ ಮುಗಿಸುವುದು. 2009ರ 802.11ಎನ್ ತಂದ ಅತಿ ದೊಡ್ಡ ಲಾಭ ಹಲವು ಆಂಟೆನಾಗಳದ್ದು ಅಂತ ಎಲ್ಲರೂ ಹೇಳುತ್ತಾರೆ, ನನ್ನ ಮಟ್ಟಿಗೆ ಫ್ರೇಮ್‌ಗಳನ್ನು ಕಟ್ಟುಕಟ್ಟಾಗಿ ಕಳಿಸುವ ಅಗ್ರಿಗೇಶನ್ ಅದಕ್ಕಿಂತ ಏನೂ ಕಡಿಮೆಯಲ್ಲ. ಅದೇ 54 ಮೆಗಾಬಿಟ್ ವೇಗದಲ್ಲಿ 20 ಪ್ಯಾಕೆಟ್‌ಗಳನ್ನು ಒಂದೇ ಕಟ್ಟು ಮಾಡಿ, ಕೊನೆಗೆ ಇಡೀ ಕಟ್ಟಿಗೆ ಒಂದೇ ಅಕ್ನಾಲೆಜ್‌ಮೆಂಟ್ (ಬ್ಲಾಕ್ ಅಕ್) ತೆಗೆದುಕೊಂಡರೆ 30 ಇದ್ದದ್ದು ಸುಮಾರು 50 ಆಗುತ್ತದೆ. ಲಿಂಕ್ ವೇಗ ಏರಿದಷ್ಟೂ ಇದು ಇನ್ನೂ ಮುಖ್ಯ, ಏಕೆಂದರೆ ಡೇಟಾ ಹೋಗುವ ಹೊತ್ತು ಕುಗ್ಗುತ್ತದೆ, ಕಾಯುವ ಹೊತ್ತು ಹಾಗೇ ಇರುತ್ತದೆ.

ಒಂದು ಎಚ್ಚರಿಕೆ. ಕಟ್ಟು ಉದ್ದವಾದರೆ ಅದರ ಹಿಂದೆ ಕಾಯುವವರಿಗೆ ತಡವಾಗುತ್ತದೆ. ನಾಲ್ಕು ಹಾಪ್‌ನಲ್ಲಿ ನಾಲ್ಕು ಸಲ ತಡ. ಧ್ವನಿ ಕರೆ ಓಡುವ ಜಾಲದಲ್ಲಿ ಕಟ್ಟಿನ ಗಾತ್ರಕ್ಕೆ ಮಿತಿ ಇಡಿ.

ಕಡಿಮೆ ಹಾಪ್ ಇರುವ ದಾರಿಯೇ ಒಳ್ಳೆಯದು, ಅಲ್ವಾ?

ಅಲ್ಲ. ಇದು ನಾನು ಅತಿ ಹೆಚ್ಚು ಸಲ ನೋಡಿದ ತಪ್ಪು. ಹಾಪ್ ಕಡಿಮೆ ಅಂದ್ರೆ ಒಂದೊಂದು ಹಾಪ್ ಉದ್ದ, ಉದ್ದ ಅಂದ್ರೆ ಸಿಗ್ನಲ್ ಸೋತಿರುತ್ತದೆ, ಸೋತರೆ ರೇಡಿಯೋ ತನ್ನ ವೇಗ ಇಳಿಸುತ್ತದೆ. ಅದೇ 1500 ಬೈಟ್‌ನ್ನು 6 ಮೆಗಾಬಿಟ್ ವೇಗದಲ್ಲಿ ಒಂದೇ ಹಾಪ್‌ನಲ್ಲಿ ದಾಟಿಸಿದರೆ ಎಲ್ಲ ಸೇರಿ ಸುಮಾರು 2230 ಮೈಕ್ರೋಸೆಕೆಂಡ್ ಬೇಕು. 54ರಲ್ಲಿ ಎರಡು ಹಾಪ್ ದಾಟಲು 393ರ ಎರಡರಷ್ಟು, ಅಂದರೆ 790ರೊಳಗೆ. ಮೂರು ಹಾಪ್ ಆದರೂ 1180. ಮೂರು ಜನರ ಕೈ ದಾಟಿ ಬಂದದ್ದು ನೇರ ಬಂದದ್ದಕ್ಕಿಂತ ಹೆಚ್ಚುಕಡಿಮೆ ಅರ್ಧ ಸಮಯ ತಿಂದಿತು!

ಪ್ಯಾಕೆಟ್ ಕಳೆದುಹೋಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದಕ್ಕಾಗಿಯೇ 2003ರಲ್ಲಿ ಇಟಿಎಕ್ಸ್ ಅನ್ನುವ ಅಳತೆ ಬಂತು: ಒಂದು ಪ್ಯಾಕೆಟ್ ಯಶಸ್ವಿಯಾಗಿ ದಾಟಲು ಸರಾಸರಿ ಎಷ್ಟು ಸಲ ಕಳಿಸಬೇಕು ಅನ್ನುವುದು. ಹೋಗುವಾಗ ನೂರಕ್ಕೆ 50, ಅಕ್ ಬರುವಾಗ ನೂರಕ್ಕೆ 50 ಸಿಕ್ಕುವ ಲಿಂಕ್‌ನ ಇಟಿಎಕ್ಸ್ 4. ಎರಡೂ ಕಡೆ ನೂರಕ್ಕೆ 90 ಸಿಕ್ಕುವ ಲಿಂಕ್‌ನದ್ದು 1.23, ಅಂಥ ಎರಡು ಹಾಪ್ ಸೇರಿದರೂ 2.5 ಮುಟ್ಟುವುದಿಲ್ಲ. ಇಟಿಎಕ್ಸ್‌ಗೂ ಒಂದು ಕುರುಡು ಇದೆ. ಅದು ಅಳೆಯುವುದು ಎಲ್ಲರಿಗೂ ಒಟ್ಟಿಗೆ ಕೂಗುವ ಸಣ್ಣ ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗಳಿಂದ, ಅವು ಹೋಗುವುದು ಕಡಿಮೆ ವೇಗದಲ್ಲಿ, ಹಾಗಾಗಿ 54ರ ಲಿಂಕ್‌ಗೂ 6ರ ಲಿಂಕ್‌ಗೂ ವ್ಯತ್ಯಾಸ ಗೊತ್ತಾಗದೆ ಹೋಗಬಹುದು. ವೇಗವನ್ನೂ ಪ್ಯಾಕೆಟ್ ಗಾತ್ರವನ್ನೂ ಸೇರಿಸಿ ಸಮಯ ಲೆಕ್ಕ ಹಾಕುವ ಇಟಿಟಿ ಮಾದರಿಯ ಅಳತೆ ಸಿಗುವುದಾದರೆ ಅದನ್ನೇ ಬಳಸಿ. 802.11ಎಸ್ (ವೈಫೈನ ಮೆಶ್ ನಿಯಮ) ಜೊತೆಗೆ ಬರುವ ಏರ್‌ಟೈಮ್ ಮೆಟ್ರಿಕ್ ಕೂಡ ಇದೇ ಜಾತಿ.

ಹಿಡನ್ ನೋಡ್ ಸಮಸ್ಯೆ ನಮ್ಮಲ್ಲಿದೆಯಾ ಅಂತ ತಿಳಿಯುವುದು ಹೇಗೆ?

ನಾಲ್ಕು ನೋಡ್ ಸಾಲಾಗಿ ಇವೆ ಅಂದುಕೊಳ್ಳಿ: ಎ, ಬಿ, ಸಿ, ಡಿ. ಎ ಬಿಗೆ ಕಳಿಸುತ್ತಿದೆ. ಅದೇ ಹೊತ್ತಿಗೆ ಸಿ ಡಿಗೆ ಕಳಿಸಲು ಶುರು ಮಾಡಿತು. ಎಗೆ ಸಿಯ ದನಿ ಕೇಳುವುದಿಲ್ಲ, ಸಿಗೆ ಎಯ ದನಿ ಕೇಳುವುದಿಲ್ಲ, ಇಬ್ಬರಿಗೂ ಚಾನೆಲ್ ಖಾಲಿ. ನಡುವೆ ಕೂತ ಬಿಗೆ ಮಾತ್ರ ಎರಡೂ ಕೇಳಿ ಏನೂ ಅರ್ಥವಾಗದೆ ಹೋಯಿತು. ಮಲ್ಟಿಹಾಪ್‌ನಲ್ಲಿ ಇದು ಯಾವಾಗಲೋ ಒಮ್ಮೆ ಆಗುವ ಅಪಘಾತವಲ್ಲ, ಸರಪಳಿಯ ಆಕಾರದಲ್ಲೇ ಇದೆ.

ಪತ್ತೆ ಹಚ್ಚುವುದು ಸುಲಭ. ಎಯಿಂದ ಬಿಗೆ ಒಂದನ್ನೇ ಐಪರ್ಫ್ (ವೇಗ ಅಳೆಯುವ ತಂತ್ರಾಂಶ) ಓಡಿಸಿ. ಸಿಯಿಂದ ಬಿಗೆ ಒಂದನ್ನೇ ಓಡಿಸಿ. ಎರಡೂ ಚೆನ್ನಾಗಿದ್ದು, ಒಟ್ಟಿಗೆ ಓಡಿಸಿದಾಗ ಎರಡರ ಮೊತ್ತ ಒಂದರದ್ದಕ್ಕಿಂತಲೂ ತೀರಾ ಕೆಳಗೆ ಬಿದ್ದರೆ, ಜೊತೆಗೆ ರಿಟ್ರೈ ಎಣಿಕೆ ಸರಸರ ಏರಿದರೆ, ಅನುಮಾನವೇ ಬೇಡ.

ಆರ್‌ಟಿಎಸ್, ಸಿಟಿಎಸ್ ಆನ್ ಮಾಡಿದರೆ ಸರಿಹೋಗುತ್ತಾ?

ಕೆಲವು ಕಡೆ. ಕಳಿಸುವವನು ‘ಕಳಿಸಲಾ?’ (ಆರ್‌ಟಿಎಸ್) ಅಂತ ಪುಟ್ಟ ಫ್ರೇಮ್ ಹಾಕುತ್ತಾನೆ, ಆ ಕಡೆಯವನು ‘ಕಳಿಸು’ (ಸಿಟಿಎಸ್) ಅನ್ನುತ್ತಾನೆ, ಇದನ್ನು ಕೇಳಿಸಿಕೊಂಡ ಅಕ್ಕಪಕ್ಕದವರು ಅಷ್ಟು ಹೊತ್ತು ಸುಮ್ಮನಾಗುತ್ತಾರೆ. ಈ ಉಪಾಯ 1990ರಲ್ಲಿ ಫಿಲ್ ಕಾರ್ನ್ ಮುಂದಿಟ್ಟ ಮಾಕಾ ಪ್ರೋಟೋಕಾಲ್‌ನಿಂದ ಬಂದದ್ದು, ಆಮೇಲೆ 802.11 ಒಳಗೆ ಸೇರಿತು.

ಬೆಲೆ ಎಷ್ಟು ಅಂತ ನೋಡಿ. ನಮ್ಮ 393 ಮೈಕ್ರೋಸೆಕೆಂಡ್‌ಗೆ ಇನ್ನೂ 88 ಸೇರುತ್ತದೆ, 30 ಮೆಗಾಬಿಟ್ ಇದ್ದದ್ದು 25ಕ್ಕೆ ಇಳಿಯುತ್ತದೆ. ಡಿಕ್ಕಿಯೇ ಇಲ್ಲದ ಜಾಗದಲ್ಲಿ ಇದು ಸುಮ್ನೆ ದಂಡ. ಇನ್ನೊಂದು ಕೊರತೆ ಹಿಂದೆ ಹೇಳಿದ ದೂರದ್ದು: ಸಿಟಿಎಸ್ ಅರ್ಥವಾಗದಷ್ಟು ದೂರದಲ್ಲಿದ್ದು, ತೊಂದರೆ ಕೊಡುವಷ್ಟು ಹತ್ತಿರದಲ್ಲಿರುವ ನೋಡ್ ಇದ್ದರೆ ಈ ಮರ್ಯಾದೆ ಅದಕ್ಕೆ ತಿಳಿಯುವುದೇ ಇಲ್ಲ. ನನ್ನ ಸಲಹೆ: ಎಲ್ಲ ನೋಡ್‌ಗಳಲ್ಲೂ ಆನ್ ಮಾಡಬೇಡಿ. ಮೇಲಿನ ಪರೀಕ್ಷೆ ಮಾಡಿ, ಸಮಸ್ಯೆ ಕಂಡ ನೋಡ್‌ಗಳಲ್ಲಿ ಮಾತ್ರ, ಅದೂ ದೊಡ್ಡ ಫ್ರೇಮ್ ಅಥವಾ ದೊಡ್ಡ ಕಟ್ಟುಗಳಿಗೆ ಮಾತ್ರ ಇಡಿ. 4 ಮಿಲಿಸೆಕೆಂಡ್‌ನ ಕಟ್ಟಿಗೆ 88 ಮೈಕ್ರೋಸೆಕೆಂಡ್ ಕಾವಲು ದುಬಾರಿಯಲ್ಲ.

ಎಕ್ಸ್‌ಪೋಸ್ಡ್ ನೋಡ್ ಅಂದ್ರೆ?

ಹಿಡನ್‌ನ ಉಲ್ಟಾ. ಬಿ ಎಗೆ ಕಳಿಸುತ್ತಿದೆ, ಸಿಗೆ ಡಿ ಜೊತೆ ಕೆಲಸವಿದೆ. ಎರಡೂ ಒಟ್ಟಿಗೆ ನಡೆಯಬಹುದಿತ್ತು, ಆದರೆ ಬಿಯ ದನಿ ಕೇಳಿ ಸಿ ಸುಮ್ಮನಾಯಿತು. ಸಮಯ ಪೋಲು. ಇದನ್ನು ಬಿಡಿಸುವುದು ಕಷ್ಟ, ಏಕೆಂದರೆ 802.11ರಲ್ಲಿ ಕಳಿಸಿದವನೇ ಮರುಕ್ಷಣ ಅಕ್ ಕೇಳಿಸಿಕೊಳ್ಳಬೇಕು, ಆಗ ಪಕ್ಕದ ಸಿ ಇನ್ನೂ ಕೂಗುತ್ತಿದ್ದರೆ ಬಿಗೆ ಎಯ ಅಕ್ ಕೇಳಿಸದು. 802.11ಎಎಕ್ಸ್‌ನಲ್ಲಿ (ವೈಫೈ 6) ಫ್ರೇಮ್‌ಗೆ ಗುಂಪಿನ ಗುರುತಾಗಿ ಒಂದು ಸಂಖ್ಯೆಯ ‘ಬಣ್ಣ’ ಹಚ್ಚಿ, ಇದು ನಮ್ಮ ಗುಂಪಿನದ್ದಲ್ಲ ಅಂತ ಗೊತ್ತಾದರೆ ಮೈನಸ್ 82 ಡಿಬಿಎಂ (ಸಿಗ್ನಲ್ ಬಲದ ಅಳತೆ) ಇದ್ದ ಕಿವಿಯ ಮಿತಿಯನ್ನು ಮೈನಸ್ 62ರ ತನಕ ಏರಿಸಿಕೊಳ್ಳಲು ಅವಕಾಶ ಕೊಟ್ಟಿದ್ದಾರೆ. ಅಂದರೆ ದೂರದ ಪಿಸುಮಾತಿಗೆ ಕಿವಿಗೊಡದೆ ನೀವು ನಿಮ್ಮ ಮಾತು ಶುರು ಮಾಡಬಹುದು, ಆದರೆ ಹಾಗೆ ಮಾಡುವಾಗ ನಿಮ್ಮ ಪವರ್ ಇಳಿಸಬೇಕು.

ಒಂದೇ ಒಂದು ನಿಧಾನದ ನೋಡ್ ಇದೆ. ಅದರಿಂದ ಎಲ್ಲರಿಗೂ ಯಾಕೆ ತೊಂದರೆ?

ಯಾಕಂದ್ರೆ ವೈಫೈ ಸರದಿ ಕೊಡುವುದು ಪ್ಯಾಕೆಟ್ ಲೆಕ್ಕದಲ್ಲಿ. ನೀನೊಂದು, ನಾನೊಂದು. ವೇಗದವನ ಪ್ಯಾಕೆಟ್ 393ರಲ್ಲಿ ಮುಗಿಯುತ್ತದೆ, 6 ಮೆಗಾಬಿಟ್‌ನವನ ಪ್ಯಾಕೆಟ್ 2230 ತಿನ್ನುತ್ತದೆ. ಒಂದು ಸುತ್ತಿಗೆ 2600 ಮೈಕ್ರೋಸೆಕೆಂಡ್ ದಾಟಿತು, ಇಬ್ಬರಿಗೂ ಒಂದೊಂದು ಪ್ಯಾಕೆಟ್ ಸಿಕ್ಕಿತು, ಹಾಗಾಗಿ ಇಬ್ಬರಿಗೂ ಸುಮಾರು ನಾಲ್ಕೂವರೆ ಮೆಗಾಬಿಟ್. 30ರಲ್ಲಿ ಓಡುತ್ತಿದ್ದವನನ್ನು ಎಳೆದು ನಾಲ್ಕೂವರೆಗೆ ಇಳಿಸಿದ ಹಾಗಾಯಿತು. 2003ರಿಂದಲೂ ಇದಕ್ಕೆ ‘ಪರ್ಫಾರ್ಮೆನ್ಸ್ ಅನಾಮಲಿ’ ಅಂತ ಹೆಸರಿದೆ.

ಸರದಿಯನ್ನು ಸಮಯದ ಲೆಕ್ಕದಲ್ಲಿ ಕೊಟ್ಟರೆ ವೇಗದವನಿಗೆ 15, ನಿಧಾನದವನಿಗೆ 2.7 ಬರುತ್ತದೆ. ನಿಧಾನದವನಿಗೆ ಅನ್ಯಾಯ ಅನ್ನಿಸಬಹುದು. ಆದರೆ ಒಟ್ಟು ಸಾಗಣೆ ಎರಡರಷ್ಟಾಗುತ್ತದೆ, ಮತ್ತು ಆ ನಿಧಾನದವನು ತನ್ನ ಆಂಟೆನಾ ಸರಿಮಾಡಿಕೊಂಡರೆ ಅದರ ಲಾಭ ಪೂರ್ತಿ ಅವನಿಗೇ. ಇದಕ್ಕೆ ಏರ್‌ಟೈಮ್ ಫೇರ್‌ನೆಸ್ ಅಂತಾರೆ. ಲಿನಕ್ಸ್‌ನ ವೈಫೈ ಪದರದಲ್ಲಿ ಈಗ ಇದೆ, ನಿಮ್ಮ ಡ್ರೈವರ್ ಬೆಂಬಲಿಸುತ್ತದಾ ನೋಡಿ.

ಎರಡನೇ ರೇಡಿಯೋ ಹಾಕಿದರೆ ಎಷ್ಟು ಲಾಭ?

ತುಂಬಾ. ಬರುವುದು ಒಂದು ಚಾನೆಲ್‌ನಲ್ಲಿ, ಹೋಗುವುದು ಇನ್ನೊಂದರಲ್ಲಿ ಆದರೆ ನೋಡ್ ಕೇಳುತ್ತಲೇ ಮಾತಾಡಬಹುದು, ಆ ‘ಅರ್ಧ’ದ ಶಾಪ ಅಲ್ಲಿಗೆ ಮುಗಿಯಿತು. ಆದರೆ ಪಕ್ಕಪಕ್ಕದ ಚಾನೆಲ್ ಕೊಟ್ಟು ಕೂರಬೇಡಿ. ನಾನೇ ಒಮ್ಮೆ ಒಂದೇ ಡಬ್ಬದಲ್ಲಿ ಎರಡು ರೇಡಿಯೋ ಕೂರಿಸಿ, ಒಂದಕ್ಕೆ 36, ಇನ್ನೊಂದಕ್ಕೆ 40 ಕೊಟ್ಟು, ಪುಸ್ತಕದ ಪ್ರಕಾರ ಬೇರೆ ಬೇರೆ ಚಾನೆಲ್ ತಾನೇ ಅಂತ ನೆಮ್ಮದಿಯಾಗಿದ್ದೆ. ಫಲಿತಾಂಶ ಒಂದೇ ರೇಡಿಯೋ ಇದ್ದಾಗಿನದ್ದಕ್ಕಿಂತ ಕಳಪೆ. ಎರಡು ದಿನ ರೂಟಿಂಗ್ ಕೆದಕಿದೆ, ಕೇಬಲ್ ಬದಲಿಸಿದೆ, ಫರ್ಮ್‌ವೇರ್‌ಗೆ ಬೈದೆ. ಕೊನೆಗೆ ನೋಡಿದರೆ ಒಂದು ರೇಡಿಯೋ ಕೂಗುವಾಗ ಅದರಿಂದ ಪಕ್ಕದ ಚಾನೆಲ್‌ಗೆ ಸೋರುವ ಶಕ್ತಿಯೇ, ಒಂದು ಗೇಣು ದೂರದಲ್ಲಿದ್ದ ಇನ್ನೊಂದರ ಕಿವಿ ಕಿವುಡು ಮಾಡುತ್ತಿತ್ತು. ಒಂದನ್ನು 149ಕ್ಕೆ ಸರಿಸಿದ ಮೇಲೆ ಎಲ್ಲ ಸುಸೂತ್ರ. 36 ಇರುವುದು 5180 ಮೆಗಾಹರ್ಟ್ಸ್‌ನಲ್ಲಿ, 149 ಇರುವುದು 5745ರಲ್ಲಿ, ಅಷ್ಟು ಅಂತರ ಇದ್ದರೆ ಫಿಲ್ಟರ್‌ಗಳಿಗೂ ಉಸಿರಾಡಲು ಜಾಗ. ಆಂಟೆನಾಗಳನ್ನೂ ಆದಷ್ಟು ದೂರ ಇಡಿ. ಯಾವ ಚಾನೆಲ್ ಬಳಸಬಹುದು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ, ಅದನ್ನು ನೋಡಿಕೊಂಡೇ ಆರಿಸಿ.

2.4 ಗಿಗಾಹರ್ಟ್ಸ್‌ನಲ್ಲಾದರೆ ಒಂದಕ್ಕೊಂದು ಮೇಲೆ ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಲ್ಲಿ ಎರಡು ರೇಡಿಯೋ ಒಂದೇ ಡಬ್ಬದಲ್ಲಿ ಬೇಡ.

80 ಮೆಗಾಹರ್ಟ್ಸ್ ಅಗಲ ಇಟ್ಟರೆ ವೇಗ ನಾಲ್ಕರಷ್ಟಾಗುತ್ತಾ?

ಕೋಣೆಯೊಳಗಿನ ಒಂದೇ ಹಾಪ್‌ಗೆ ಹೆಚ್ಚುಕಡಿಮೆ ಹೌದು. ಮಲ್ಟಿಹಾಪ್‌ನಲ್ಲಿ ಯೋಚಿಸಿ. ಅಗಲ ಎರಡರಷ್ಟಾದ ಪ್ರತಿ ಸಲವೂ ಗದ್ದಲ 3 ಡಿಬಿ (ಅಂದರೆ ಎರಡರಷ್ಟು) ಏರುತ್ತದೆ, ಉದ್ದದ ಲಿಂಕ್‌ಗಳು ಬಳಲುತ್ತವೆ. ಇನ್ನೊಂದು, ಎಲ್ಲರೂ ಒಂದೇ 80ರೊಳಗೆ ನುಗ್ಗಿ ಕೂತು ಸರದಿ ಕಾಯುವ ಬದಲು, ಅದನ್ನೇ ನಾಲ್ಕು 20 ಮಾಡಿ ಅಕ್ಕಪಕ್ಕದ ಹಾಪ್‌ಗಳಿಗೆ ಹಂಚಿದರೆ ನಾಲ್ಕು ಹಾಪ್ ಒಟ್ಟಿಗೆ ಓಡುತ್ತವೆ. ರೇಡಿಯೋ ಎರಡಿದ್ದರೆ ನನ್ನ ಒಲವು ಕಿರಿದಾದ ಚಾನೆಲ್ ಕಡೆಗೇ.

ಪವರ್ ಪೂರ್ತಿ ಏರಿಸಿಬಿಡಲಾ?

ಬೇಡ. ನಿಮ್ಮ ದನಿ ದೊಡ್ಡದಾದರೆ ಸುಮ್ಮನಿರಬೇಕಾದವರ ಸಂಖ್ಯೆಯೂ ದೊಡ್ಡದು. ಪಕ್ಕದ ನೋಡ್‌ಗೆ ಒಳ್ಳೆಯ ವೇಗದಲ್ಲಿ ಮುಟ್ಟುವಷ್ಟು ಸಾಕು. ಹಾಗಂತ ಒಬ್ಬರದ್ದು ಇಳಿಸಿ ಇನ್ನೊಬ್ಬರದ್ದು ಹಾಗೇ ಬಿಟ್ಟರೆ ಮತ್ತೊಂದು ತರಲೆ: ಜೋರಿನವನ ಕಿವಿಗೆ ಮೆಲುದನಿಯವನು ಬೀಳುವುದೇ ಇಲ್ಲ, ಅವನ ಮೇಲೇ ಮಾತಾಡುತ್ತಾನೆ. ಇಳಿಸುವುದಾದರೆ ಎಲ್ಲರದ್ದೂ ಇಳಿಸಿ. ಒಂದೇ ದಿಕ್ಕಿಗೆ ಕಳಿಸುವ ಆಂಟೆನಾ ಇನ್ನೂ ಒಳ್ಳೆಯದು, ಆದರೆ ಅದರ ಬೆನ್ನ ಹಿಂದಿರುವವರಿಗೆ ನೀವು ಮಾತಾಡುತ್ತಿದ್ದೀರಿ ಅಂತ ಗೊತ್ತಾಗುವುದಿಲ್ಲ. ಹಿಡನ್ ನೋಡ್ ಮತ್ತೆ ಹಾಜರ್.

ಯಾರೂ ಏನೂ ಡೌನ್‌ಲೋಡ್ ಮಾಡದಿದ್ದರೂ ಚಾನೆಲ್ ಬ್ಯುಸಿ ಅಂತ ತೋರಿಸುತ್ತದಲ್ಲ?

ಬೀಕನ್ (ನೋಡ್ ತಾನಿದ್ದೇನೆ ಅಂತ ಆಗಾಗ ಸಾರುವ ಫ್ರೇಮ್) ಮತ್ತು ಬ್ರಾಡ್‌ಕಾಸ್ಟ್. ಇದನ್ನು ಯಾರೂ ನೋಡುವುದೇ ಇಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಹಳೆಯ ವೇಗಗಳನ್ನು ಹಾಗೇ ಬಿಟ್ಟಿದ್ದರೆ ಬೀಕನ್‌ಗಳು 1 ಮೆಗಾಬಿಟ್‌ನಲ್ಲಿ ಹೋಗುತ್ತವೆ. 300 ಬೈಟ್ ಬೀಕನ್‌ಗೆ ಪೀಠಿಕೆ ಸೇರಿ ಸುಮಾರು 2.6 ಮಿಲಿಸೆಕೆಂಡ್. ಪ್ರತಿ 102.4 ಮಿಲಿಸೆಕೆಂಡ್‌ಗೆ ಒಂದು. ಅಂದರೆ ಒಂದು ನೆಟ್‌ವರ್ಕ್ ಹೆಸರಿಗೆ ಚಾನೆಲ್‌ನ ನೂರಕ್ಕೆ ಎರಡೂವರೆ ಭಾಗ. ಐದು ನೋಡ್, ಒಂದೊಂದರಲ್ಲಿ ಎರಡು ಹೆಸರು, ಎಲ್ಲ ಒಬ್ಬರಿಗೊಬ್ಬರು ಕೇಳುವಷ್ಟು ಹತ್ತಿರ: ಕಾಲು ಭಾಗ ಸಮಯ ‘ನಾನಿದ್ದೇನೆ, ನಾನಿದ್ದೇನೆ’ ಅಂತ ಕೂಗುವುದಕ್ಕೇ ಹೋಯಿತು! 1, 2, 5.5, 11ರ ಹಳೆಯ ವೇಗಗಳನ್ನು ಆಫ್ ಮಾಡಿ, ಕನಿಷ್ಠ ವೇಗವನ್ನು 6ಕ್ಕೆ ಏರಿಸಿ; ಅದೇ ಬೀಕನ್ 0.4 ಮಿಲಿಸೆಕೆಂಡ್ ಚಿಲ್ಲರೆಗೆ ಇಳಿಯುತ್ತದೆ. ಬೇಡದ ನೆಟ್‌ವರ್ಕ್ ಹೆಸರುಗಳನ್ನು ತೆಗೆದುಹಾಕಿ. ದುಡ್ಡು ಖರ್ಚಿಲ್ಲದ ಇಂಥ ಲಾಭ ಇನ್ನೊಂದಿಲ್ಲ.

ಪ್ಯಾಕೆಟ್‌ಗೆ ದಾರಿ ಆರಿಸುವ ರೂಟಿಂಗ್ ಪ್ರೋಟೋಕಾಲ್‌ನ ಹಲೋ ಸಂದೇಶಗಳದ್ದೂ ಇದೇ ಕಥೆ. ನೋಡ್‌ಗಳು ನಿಂತಲ್ಲೇ ನಿಂತಿರುವ ಜಾಲವಾದರೆ ಅವುಗಳ ಅಂತರ ಹೆಚ್ಚಿಸಿ. ಪ್ರತಿಯೊಬ್ಬರೂ ಪ್ರತಿಯೊಂದನ್ನೂ ಮರುಪ್ರಸಾರ ಮಾಡದೆ ಆರಿಸಿದ ಕೆಲವರಷ್ಟೇ ಮಾಡುವ ಉಪಾಯ ಒಎಲ್ಎಸ್ಆರ್ ಅನ್ನುವ ರೂಟಿಂಗ್ ಪ್ರೋಟೋಕಾಲ್‌ನಲ್ಲಿ 2003ರಿಂದಲೂ ಇದೆ.

ಯುಡಿಪಿ ಚೆನ್ನಾಗಿ ಓಡುತ್ತದೆ, ಟಿಸಿಪಿ ಮಾತ್ರ ಕುಂಟುತ್ತದೆ. ಏನು ಕಥೆ?

ಯುಡಿಪಿ ಕಳಿಸಿ ಮರೆತುಬಿಡುತ್ತದೆ, ಟಿಸಿಪಿ ತಲುಪಿತಾ ಅಂತ ಕೇಳಿಕೊಳ್ಳುತ್ತದೆ. ಆ ಟಿಸಿಪಿಯ ಅಕ್ ಪ್ಯಾಕೆಟ್‌ಗಳು ಎದುರು ದಿಕ್ಕಿನಲ್ಲಿ ಬರುತ್ತವೆ, ಅದೇ ಚಾನೆಲ್‌ನಲ್ಲಿ, ಅದೇ ಜಗಳ ಆಡಿಕೊಂಡು. ಬರೀ 40 ಬೈಟ್ ತಾನೇ ಅನ್ನಬೇಡಿ. ಹಿಂದಿನ ಲೆಕ್ಕವನ್ನೇ ಅದಕ್ಕೂ ಹಾಕಿ: ಕಾಯುವುದು, ಎಣಿಸುವುದು, ಪೀಠಿಕೆ, ವೈಫೈನ ಅಕ್ ಎಲ್ಲ ಸೇರಿ ಸುಮಾರು 178 ಮೈಕ್ರೋಸೆಕೆಂಡ್. 1500 ಬೈಟ್‌ನ ಪ್ಯಾಕೆಟ್‌ಗೆ 393, ಈ ಚಿಟಿಕೆಯಷ್ಟು ಅಕ್‌ಗೆ 178! ಎರಡು ಪ್ಯಾಕೆಟ್‌ಗೆ ಒಂದು ಅಕ್ ಕಳಿಸುವ ಸೌಲಭ್ಯ ಆನ್ ಇರಲಿ. ಫ್ರೇಮ್ ಕಟ್ಟುವ ಅಗ್ರಿಗೇಶನ್ ಇಲ್ಲಿಯೂ ಕಾಪಾಡುತ್ತದೆ.

ಎರಡನೇ ತೊಂದರೆ ಟಿಸಿಪಿಯ ದುರಾಸೆ. ಪ್ಯಾಕೆಟ್ ಕಳೆದುಹೋಗುವ ತನಕ ಅದು ದಾರಿಯಲ್ಲಿ ಇನ್ನಷ್ಟು ತುರುಕುತ್ತದೆ. ನೇರ ಸರಪಳಿಯಲ್ಲಿ ಒಂದೇ ಹೊತ್ತಿಗೆ ನಾಲ್ಕು ಹಾಪ್‌ಗೆ ಒಂದು ಪ್ಯಾಕೆಟ್ ಮಾತ್ರ ಚಲಿಸಬಲ್ಲದು ಅಂತ ಆಗಲೇ ನೋಡಿದೆವಲ್ಲ. 8 ಹಾಪ್ ದಾರಿಯಲ್ಲಿ ಎರಡು ಪ್ಯಾಕೆಟ್ ಇದ್ದರೆ ಸಾಕು, 40 ತುರುಕಿದರೆ ಅವು ತಮ್ಮತಮ್ಮಲ್ಲೇ ಡಿಕ್ಕಿ ಹೊಡೆದುಕೊಳ್ಳುತ್ತವೆ. ನೋಡ್‌ಗಳ ಸರದಿ ಸಾಲು ಉದ್ದ ಬಿಡಬೇಡಿ, ಆ ಸಾಲನ್ನು ಚಿಕ್ಕದಾಗಿಡುವ ಎಫ್‌ಕ್ಯೂ ಕೋಡೆಲ್ ಹಾಕಿ.

ಈ ಗಲಾಟೆಯೇ ಬೇಡ, ಎಲ್ಲರಿಗೂ ವೇಳಾಪಟ್ಟಿ ಕೊಟ್ಟುಬಿಟ್ಟರೆ?

ಒಳ್ಳೆಯ ಪ್ರಶ್ನೆ, ಹಳೆಯದೂ ಹೌದು. 1971ರಲ್ಲಿ ಹವಾಯಿಯಲ್ಲಿ ಶುರುವಾದ ಅಲೋಹಾ ರೇಡಿಯೋ ಜಾಲದಲ್ಲಿ ಯಾರಿಗೆ ಬೇಕಾದಾಗ ಅವರು ಕಳಿಸುತ್ತಿದ್ದರು, ಚಾನೆಲ್‌ನ ಗರಿಷ್ಠ ಬಳಕೆ ನೂರಕ್ಕೆ 18ರಷ್ಟು. ಸಮಯವನ್ನು ಸಮನಾದ ತುಂಡು ಮಾಡಿ ತುಂಡಿನ ಆರಂಭದಲ್ಲೇ ಕಳಿಸಬೇಕು ಅಂದಕೂಡಲೇ ಅದು 37 ಆಯಿತು. ಗಡಿಯಾರ ಒಂದೇ ಆದರೆ ಎಷ್ಟು ಸಿಗುತ್ತದೆ ನೋಡಿ.

ವೇಳಾಪಟ್ಟಿ, ಅಂದರೆ ಟಿಡಿಎಂಎ, ಮಲ್ಟಿಹಾಪ್‌ಗೆ ಹೇಳಿಮಾಡಿಸಿದ ಹಾಗಿದೆ. ಮೊದಲ ಹಾಪ್ ಮತ್ತು ಐದನೇ ಹಾಪ್‌ಗೆ ಒಂದೇ ಸ್ಲಾಟ್ (ಸಮಯದ ತುಂಡು) ಕೊಡಿ, ಎರಡು ಮತ್ತು ಆರಕ್ಕೆ ಮುಂದಿನದು. ಆ ನಾಲ್ಕನೇ ಒಂದು ಭಾಗ ಕೈಗೆ ಬಂದೇಬಿಟ್ಟಿತು. ತೊಡಕು ಎರಡು. ಯಾರಿಗೆ ಯಾರ ದನಿ ತೊಂದರೆ ಅನ್ನುವ ನಕ್ಷೆ ಬೇಕು, ಅದು ಬಾಗಿಲು ಮುಚ್ಚಿದರೆ, ಜನ ಓಡಾಡಿದರೆ ಬದಲಾಗುತ್ತದೆ. ಎರಡನೆಯದು ಗಡಿಯಾರ. ಎರಡು ನೋಡ್‌ಗಳ ಸ್ಫಟಿಕಗಳ ನಡುವೆ ದಶಲಕ್ಷಕ್ಕೆ 40ರಷ್ಟು ವ್ಯತ್ಯಾಸ ಇದ್ದರೆ 25 ಸೆಕೆಂಡಿಗೆ 1 ಮಿಲಿಸೆಕೆಂಡ್ ಜಾರುತ್ತದೆ, ಅಷ್ಟರೊಳಗೆ ಮತ್ತೆ ಸರಿಹೊಂದಿಸಿಕೊಳ್ಳಬೇಕು.

ಸೆನ್ಸರ್ ಜಾಲಗಳಲ್ಲಿ ಇದು ಗೆದ್ದಿದೆ. 2012ರ 802.15.4ಇ (ಸೆನ್ಸರ್ ರೇಡಿಯೋಗಳ ನಿಯಮ) ತಂದ ಟಿಎಸ್‌ಸಿಎಚ್ ಅನ್ನುವ ವೇಳಾಪಟ್ಟಿಯಲ್ಲಿ ಸ್ಲಾಟ್ ಸಾಮಾನ್ಯವಾಗಿ 10 ಮಿಲಿಸೆಕೆಂಡ್, ಜೊತೆಗೆ ಪ್ರತಿ ಸ್ಲಾಟ್‌ಗೂ 16 ಚಾನೆಲ್‌ಗಳ ನಡುವೆ ಜಿಗಿತ, ಹಾಗಾಗಿ ಒಂದು ಚಾನೆಲ್ ಕೆಟ್ಟರೂ ಮುಂದಿನ ಸಲ ಬೇರೆಯದು. ತನ್ನ ಸ್ಲಾಟ್ ಇಲ್ಲದಾಗ ನೋಡ್ ನಿದ್ದೆ ಹೊಡೆಯಬಹುದು, ಬ್ಯಾಟರಿ ಉಳಿಯುತ್ತದೆ. ಆಗೊಮ್ಮೆ ಈಗೊಮ್ಮೆ ಜೋರಾಗಿ ಬಂದು ಹೋಗುವ ಇಂಟರ್ನೆಟ್ ಮಾದರಿಯ ಟ್ರಾಫಿಕ್‌ಗೆ ಮಾತ್ರ ವೇಳಾಪಟ್ಟಿ ಅಷ್ಟು ಒಗ್ಗುವುದಿಲ್ಲ, ಖಾಲಿ ಸ್ಲಾಟ್‌ಗಳು ಓಡುತ್ತಲೇ ಇರುತ್ತವೆ.

ನೆಟ್‌ವರ್ಕ್ ಕೋಡಿಂಗ್ ಅಂತ ಕೇಳಿದ್ದೇನೆ, ಅದು ನಿಜವಾಗಿ ಕೆಲಸ ಮಾಡುತ್ತಾ?

ಉಪಾಯ ಮಾತ್ರ ಬಲು ಚೆಂದ. ಎ ಮತ್ತು ಸಿ ನಡುವಿನ ಬಿ ಮೂಲಕ ಪ್ಯಾಕೆಟ್ ಬದಲಾಯಿಸಿಕೊಳ್ಳುತ್ತಿವೆ. ಮಾಮೂಲಾದರೆ ನಾಲ್ಕು ಸಲ ಕಳಿಸಬೇಕು. ಈಗ ನೋಡಿ: ಎ ಕಳಿಸಿದ್ದು 1011, ಸಿ ಕಳಿಸಿದ್ದು 0110. ಬಿ ಎರಡನ್ನೂ ಎಕ್ಸಾರ್ ಮಾಡಿ (ಎರಡು ಬಿಟ್ ಒಂದೇ ಆದರೆ 0, ಬೇರೆಯಾದರೆ 1) 1101 ಅಂತ ಒಂದೇ ಸಲ ಇಬ್ಬರಿಗೂ ಕೇಳುವ ಹಾಗೆ ಕೂಗುತ್ತದೆ. ಎ ಅದನ್ನು ತನ್ನ 1011 ಜೊತೆ ಎಕ್ಸಾರ್ ಮಾಡಿದರೆ 0110 ಸಿಕ್ಕಿತು. ಸಿ ತನ್ನದರ ಜೊತೆ ಮಾಡಿದರೆ 1011. ನಾಲ್ಕು ಹೋಗಿ ಮೂರಾಯಿತು. 2006ರಲ್ಲಿ ಕೋಪ್ ಅನ್ನುವ ವ್ಯವಸ್ಥೆ ಇದನ್ನು 20 ನೋಡ್‌ಗಳ ನಿಜವಾದ ಜಾಲದಲ್ಲಿ ಓಡಿಸಿ ತೋರಿಸಿತು.

ಆದರೆ ಎರಡೂ ದಿಕ್ಕಿನ ಪ್ಯಾಕೆಟ್ ಒಂದೇ ಹೊತ್ತಿಗೆ ಬಿಯಲ್ಲಿ ಇರಬೇಕು, ಗಾತ್ರವೂ ಹತ್ತಿರ ಹತ್ತಿರ ಇರಬೇಕು, ಇಬ್ಬರಲ್ಲಿ ನಿಧಾನದವನ ವೇಗದಲ್ಲೇ ಕೂಗಬೇಕು. ಹೆಚ್ಚಿನ ಟ್ರಾಫಿಕ್ ಒಂದೇ ದಿಕ್ಕಿನದ್ದು, ಗೇಟ್‌ವೇಯಿಂದ ಕೆಳಗೆ. ಹಾಗಾಗಿ ಕೈಗೆ ಸಿಗುವುದು ಕಡಿಮೆ. ಕಲಿಯಿರಿ, ಆಟವಾಡಿ, ನೆಚ್ಚಿಕೊಳ್ಳಬೇಡಿ.

ಒಂದೇ ಚಾನೆಲ್‌ನಲ್ಲಿ ಒಟ್ಟಿಗೆ ಕೇಳಿ ಮಾತಾಡುವ ಫುಲ್ ಡ್ಯುಪ್ಲೆಕ್ಸ್ ರೇಡಿಯೋ ಬರಲಿಲ್ಲವಾ?

2010ರಲ್ಲೇ ಸ್ಟ್ಯಾನ್‌ಫರ್ಡ್‌ನವರು ಮಾಡಿ ತೋರಿಸಿದ್ದಾರೆ. ಕಷ್ಟ ಎಷ್ಟು ಅಂದ್ರೆ, ನೀವು 20 ಡಿಬಿಎಂನಲ್ಲಿ ಕೂಗುತ್ತಾ ಮೈನಸ್ 80ರ ಪಿಸುಮಾತು ಕೇಳಿಸಿಕೊಳ್ಳಬೇಕು. ನಡುವೆ 100 ಡಿಬಿ, ಅಂದರೆ ಸಾವಿರ ಕೋಟಿ ಪಟ್ಟು. ಮಾಮೂಲಿ ಮೆಶ್ ಡಬ್ಬಗಳಲ್ಲಿ ಇದನ್ನು ನಿರೀಕ್ಷಿಸಬೇಡಿ.

ನೋಡ್ ಜಾಸ್ತಿ ಹಾಕಿದಷ್ಟೂ ಜಾಲ ಚುರುಕಾಗುತ್ತಾ?

ಗೇಟ್‌ವೇ ಒಂದೇ ಇದ್ದರೆ, ಇಲ್ಲ. 2000ದಲ್ಲಿ ಗುಪ್ತಾ ಮತ್ತು ಕುಮಾರ್ ಗಣಿತದಿಂದಲೇ ತೋರಿಸಿದ ಪ್ರಕಾರ, ಯಾರು ಯಾರಿಗೋ ಕಳಿಸುವ ಜಾಲದಲ್ಲಿ ನೋಡ್‌ಗಳ ಸಂಖ್ಯೆ ಏರಿದಂತೆ ಒಬ್ಬೊಬ್ಬರ ಪಾಲು ಕುಗ್ಗುತ್ತಲೇ ಹೋಗುತ್ತದೆ, ಹೆಚ್ಚುಕಡಿಮೆ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ. ನಾಲ್ಕರಷ್ಟು ನೋಡ್ ಆದರೆ ಒಬ್ಬೊಬ್ಬರಿಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಎಲ್ಲರೂ ಒಂದೇ ಗೇಟ್‌ವೇ ಕಡೆ ಹೋಗುವುದಾದರೆ ಇನ್ನೂ ಕಷ್ಟ, ಅದರ ಸುತ್ತಲಿನ ಗಾಳಿಯೇ ಎಲ್ಲರ ಕೊರಳು.

ಹಾಗಾಗಿ ಇನ್ನೊಂದು ನೋಡ್ ಕೊಳ್ಳುವ ಮುಂಚೆ ಇನ್ನೊಂದು ಗೇಟ್‌ವೇ ಸಾಧ್ಯವಾ ನೋಡಿ. ಅದೂ ಆಗದಿದ್ದರೆ ಗೇಟ್‌ವೇಗೆ ತಾಗಿದ ಹಾಪ್‌ಗೆ ತಂತಿ ಎಳೆಯಿರಿ. ತುದಿಯ ಹಾಪ್‌ಗೆ ತಂತಿ ಹಾಕಿ ಏನೂ ಬದಲಾಗಲಿಲ್ಲ ಅಂತ ಬರೆಯುವವರು ಬಹಳ. ಅಲ್ಲಿ ಇಕ್ಕಟ್ಟೇ ಇರಲಿಲ್ಲ.

ಎಲ್ಲಿಂದ ಶುರು ಮಾಡಲಿ?

ಅಳೆಯುವುದರಿಂದ. ಲಿನಕ್ಸ್ ನೋಡ್‌ಗಳಲ್ಲಿ ಐಡಬ್ಲ್ಯು ಆಜ್ಞೆಯ ಸರ್ವೆ ಡಂಪ್ ಓಡಿಸಿ. ಹೆಚ್ಚಿನ ಡ್ರೈವರ್‌ಗಳು ಚಾನೆಲ್ ಎಷ್ಟು ಹೊತ್ತು ಚಾಲ್ತಿಯಲ್ಲಿತ್ತು, ಅದರಲ್ಲಿ ಎಷ್ಟು ಹೊತ್ತು ಬ್ಯುಸಿ ಇತ್ತು ಅಂತ ಹೇಳುತ್ತವೆ. ಹತ್ತು ಸೆಕೆಂಡ್ ಬಿಟ್ಟು ಮತ್ತೆ ಓಡಿಸಿ ವ್ಯತ್ಯಾಸ ತೆಗೆಯಿರಿ. ಮೊದಲು ಯಾರೂ ಬಳಸದ ಹೊತ್ತಿನಲ್ಲಿ, ಆಮೇಲೆ ಸಂಜೆ ಎಲ್ಲರೂ ಇರುವಾಗ. ನಂತರ ಒಂದೊಂದೇ ಹಾಪ್‌ಗೆ ಐಪರ್ಫ್, ಆಮೇಲೆ ತುದಿಯಿಂದ ತುದಿಗೆ. ಖಾಲಿ ಹೊತ್ತಲ್ಲೂ ಬ್ಯುಸಿ ಅಂತ ಬಂದರೆ ಬೀಕನ್‌ಗಳನ್ನೋ ಪಕ್ಕದವರ ಜಾಲವನ್ನೋ ನೋಡಿ. ಒಂದೊಂದೇ ಹಾಪ್ ಚೆನ್ನಾಗಿದ್ದು ತುದಿಯಿಂದ ತುದಿಗೆ ನಾಲ್ಕನೇ ಒಂದಕ್ಕಿಂತ ಬಹಳ ಕೆಳಗಿದ್ದರೆ ಹಿಡನ್ ನೋಡ್ ಅಥವಾ ಸರದಿ ಸಾಲಿನ ಸಮಸ್ಯೆ. ಒಂದೇ ಹಾಪ್ ಕೆಟ್ಟಿದ್ದರೆ ಆ ಆಂಟೆನಾ ಹತ್ತಿರ ಹೋಗಿ, ಕಣ್ಣಾರೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ. ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ನಿಮಗೂ ಗೊತ್ತಾಗುವುದಿಲ್ಲ, ಸಹಾಯಕ್ಕೆ ಬಂದವರಿಗೂ ಗೊತ್ತಾಗುವುದಿಲ್ಲ.